ಮಾರಿಕುಪ್ಪಂ: ಹೊತ್ತು ತಂದ ಮಣ್ಣಿನ ಹಿತ್ತಿಲು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿಗೆ ಅವಸರವೆಂಬುದೇ ಇಲ್ಲ. ಹದಿನಾರು ಕಿಲೋಮೀಟರ್ ದಾರಿಯಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರು ಹೊತ್ತ ನಿಲ್ದಾಣಗಳಲ್ಲಿ ನಿಂತು ನಿಂತು, ಕೊನೆಗೆ ಹಳಿಯೇ ಮುಗಿಯುವ ಕಡೆ ನಮ್ಮನ್ನು ಇಳಿಸುತ್ತದೆ. ಬಂಗಾರಪೇಟೆ ಇನ್ನೂ ಬೌರಿಂಗ್‌ಪೇಟೆಯಾಗಿದ್ದ ಕಾಲದಲ್ಲಿ, 1894ರಲ್ಲಿ, ಚಿನ್ನದ ಗಣಿಗಳಿಗೆಂದೇ ಹಾಕಿದ ಹಳಿ ಇದು. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ರೈಲು ಮಾತ್ರ ತುಂಬಿಕೊಂಡೇ ಓಡಾಡುತ್ತದೆ. ಕತ್ತಲಿರುವಾಗಲೇ ಎದ್ದು ಬೆಂಗಳೂರಿಗೆ ದುಡಿಯಲು ಹೋಗುವವರು, ಕತ್ತಲಾದ ಮೇಲೆ ಮರಳುವವರು.

ಹಾಗೆ ದಿನವೂ ಓಡಾಡುವ ಗೆಳೆಯರೊಬ್ಬರು ಪ್ರತಿ ಜನವರಿಯಲ್ಲಿ ಕಚೇರಿಗೆ ಸೀಬೆಹಣ್ಣು ತರುತ್ತಿದ್ದರು. ಒಂದರಲ್ಲೂ ಹುಳುವಿಲ್ಲ, ಸಿಹಿಯೆಂದರೆ ಸಿಹಿ. 'ನಮ್ಮಮ್ಮನ ಮರದ್ದು' ಎನ್ನುತ್ತಿದ್ದರು. ಕೆ.ಜಿ.ಎಫ್. ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಸೈನೈಡ್ ದಿಬ್ಬ. ಅಲ್ಲಿ ಸೀಬೆಮರವೆಲ್ಲಿಂದ ಬಂತು ಎಂದು ನೋಡಲು ಆಷಾಢದ ಒಂದು ಭಾನುವಾರ ಹೊರಟೆ.

ನಿಲ್ದಾಣದಿಂದ ಹೊರಬಿದ್ದರೆ ಮೊದಲು ಎದುರಾಗುವುದು ಗಾಳಿ. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಗಸಿಯನ್ನು ನೂರು ವರ್ಷ ಊರ ಪಕ್ಕದಲ್ಲೇ ಸುರಿದರು. ಆ ದಿಬ್ಬಗಳಲ್ಲಿರುವುದು 3 ಕೋಟಿ ಟನ್ನಿಗೂ ಹೆಚ್ಚು. ಸಿನಿಮಾದವರಿಗೆ ಅದು ಮರುಭೂಮಿ. ಊರಿನವರಿಗೆ ಆಷಾಢದಲ್ಲಿ ಅನ್ನದ ತಟ್ಟೆಗೂ ಬಂದು ಕೂರುವ ದೂಳು.

ಗೆಳೆಯರದು ಹಳೆಯ ಲೈನ್ ಮನೆ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ನಾಲ್ಕು ಮಂಚ ಹಾಕುವಷ್ಟು ಹಿತ್ತಿಲು. ಅಷ್ಟರಲ್ಲೇ ಸೀಬೆ, ನಿಂಬೆ, ನುಗ್ಗೆ, ಕರಿಬೇವು, ಬಚ್ಚಲು ನೀರು ಹರಿಯುವಲ್ಲಿ ಬಾಳೆ, ಅದರ ಬುಡದಲ್ಲಿ ಕೆಸು. ಮಣ್ಣು ಕಪ್ಪಗಿತ್ತು. ಕೆಮ್ಮಣ್ಣಿನ ಸೀಮೆಯಲ್ಲಿ ಇದೇನು ಎಂದು ಕೇಳಿದೆ.

'ಇದು ಇಲ್ಲೀದಲ್ಲ ಸಾರ್. ಕೆರೆ ಗೋಡು. ನಮ್ ಯಜಮಾನ್ರು ಶಿಫ್ಟ್ ಮುಗಿಸ್ಕೊಂಡು ಬೇತಮಂಗಲದ ಕಡೆಯಿಂದ ಸೈಕಲ್ ಮೇಲೆ ಗೋಣಿಚೀಲದಲ್ಲಿ ತಂದಿದ್ದು. ಎಷ್ಟು ವರ್ಷ ತಂದ್ರೋ ಲೆಕ್ಕ ಇಲ್ಲ' ಎಂದರು ಅವರ ತಾಯಿ. ಮನೆಮಾತು ತಮಿಳು, ನನಗಾಗಿ ಕನ್ನಡ. ಗಣಿಯೂರಿಗೆ ಕೊಳಾಯಿ ನೀರು ಬಂದದ್ದೂ ಪಾಲಾರ್ ನದಿಗೆ ಅಡ್ಡಲಾಗಿರುವ ಅದೇ ಬೇತಮಂಗಲದ ಕೆರೆಯಿಂದ. ಗಂಡ ನೆಲದಡಿಯಿಂದ ಬಂಡೆ ಮೇಲೆ ಕಳಿಸಿ, ನೆಲದ ಮೇಲೆ ಮಣ್ಣು ಹೊತ್ತು ತರುತ್ತಿದ್ದರು ಅನ್ನಿ.

ಒಮ್ಮೆ ಮಗ ಬುದ್ಧಿವಂತಿಕೆ ಮಾಡಿ, ಮಣ್ಣು ಸಡಿಲವಾಗಲೆಂದು ದಿಬ್ಬದ ಮರಳನ್ನೇ ಎರಡು ಬುಟ್ಟಿ ತಂದು ಬದನೆ ಪಾತಿಗೆ ಬೆರೆಸಿದರಂತೆ. ಮಳೆಗೆ ಅದು ಗಾರೆಯಂತೆ ಕಟ್ಟಿಕೊಂಡು ಸಸಿಗಳೆಲ್ಲ ಹಳದಿಯಾದವು. ಅದು ನುಣ್ಣಗೆ ಅರೆದ ಕಲ್ಲು. ಬೇರಿಗೆ ಉಸಿರೂ ಇಲ್ಲ, ಉಣ್ಣಲೂ ಇಲ್ಲ. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಅದಿರಿನ ಜೊತೆ ಬಂದ ಬೇರೆ ಲೋಹಗಳು ಹಾಗೆ ಹೋಗುವಂಥವಲ್ಲ. ಆ ತಾಯಿಗೆ ಈ ರಸಾಯನಶಾಸ್ತ್ರ ಯಾರೂ ಹೇಳಿಲ್ಲ. ಆದರೂ ಪಾತಿಯ ಮಣ್ಣನ್ನೆಲ್ಲ ಬಳಿದು ಹೊರಗೆ ಹಾಕಿಸಿದರು. ಆಷಾಢ ಕಳೆಯುವವರೆಗೆ ಹಿತ್ತಿಲ ಸೊಪ್ಪು ಬೆಳೆಯುವುದಿಲ್ಲ. ಎಲೆಯ ಮೇಲಿನ ದೂಳನ್ನು ಎಷ್ಟು ನೀರಲ್ಲಿ ತೊಳೆದರೂ ಅವರಿಗೆ ಸಮಾಧಾನವಿಲ್ಲ. ಈ ತಿಂಗಳಲ್ಲಿ ಅವರು ಊರುವುದು ಚಪ್ಪರದ ಅವರೆ, ಕುಂಬಳ, ಹೀರೆ. ಈ ಸೀಮೆಗೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಅಷ್ಟರಲ್ಲಿ ಬಳ್ಳಿ ಹಬ್ಬಿರಬೇಕು, ಧನುರ್ಮಾಸಕ್ಕೆ ಅವರೆಕಾಯಿ ಕೈಗೆ ಬರಬೇಕು.

ಸೀಬೆಯ ಗುಟ್ಟು ಕೇಳಿದೆ. ಗುಟ್ಟೇನಿಲ್ಲ, ಕೈ ಗಟ್ಟಿ ಮಾಡಿಕೊಳ್ಳಬೇಕು ಅಷ್ಟೆ. ಫೆಬ್ರುವರಿ, ಮಾರ್ಚಿನಲ್ಲಿ ಬಿಡುವ ಹೂವನ್ನೆಲ್ಲ ಅವರು ಉದುರಿಸಿಬಿಡುತ್ತಾರೆ. ಆ ಹೂ ಕಾಯಾಗಿ ಹಣ್ಣಾಗುವುದು ಮಳೆಗಾಲದಲ್ಲಿ. ಹಣ್ಣು ನೀರುನೀರು, ಒಳಗೆಲ್ಲ ಹಣ್ಣುನೊಣದ ಮರಿಹುಳು. ಬೇಸಿಗೆಯಲ್ಲಿ ನೀರು ಬಿಗಿಹಿಡಿದು, ಮೇ ತಿಂಗಳಲ್ಲಿ ರೆಂಬೆಗಳ ತುದಿ ಚಿವುಟಿ, ಮೊದಲ ಮಳೆಗೆ ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಹೊಸ ಚಿಗುರಿನಲ್ಲಿ ಮತ್ತೆ ಹೂ. ಸೀಬೆ ಕಾಯಿ ಕಚ್ಚುವುದೇ ಹೊಸ ಚಿಗುರಿನಲ್ಲಿ. ಆ ಹಣ್ಣು ಬರುವುದು ಚಳಿಗೆ, ಅದೇ ನಾನು ತಿಂದದ್ದು. ತೋಟಗಾರಿಕೆ ಪುಸ್ತಕಗಳಲ್ಲೂ ಇದೇ ಇದೆ. ಆದರೆ ಪುಸ್ತಕ ಓದಿದ ನಾನು ನಮ್ಮ ಮನೆಯ ಸೀಬೆಯ ಒಂದು ಹೂವನ್ನೂ ಕೀಳಲಾರದೆ ಪ್ರತಿ ವರ್ಷ ಹುಳುಕನ್ನೇ ತಿನ್ನುತ್ತಿದ್ದೇನೆ.

ನುಗ್ಗೆಯನ್ನು ಗಾಳಿಗೆ ಮೊದಲೇ ಎದೆಮಟ್ಟಕ್ಕೆ ಕಡಿಸಿದ್ದರು. ಕಡಿಯದಿದ್ದರೆ ಆಷಾಢವೇ ಕಡಿಯುತ್ತದೆ, ಅದೂ ಪಕ್ಕದ ಮನೆಯ ಶೀಟಿನ ಮೇಲೆ.

ಇನ್ನು ಮಾವು. ಶ್ರೀನಿವಾಸಪುರದ ಮಾವು ದೇಶವೆಲ್ಲ ಸುತ್ತುವಾಗ ಕೋಲಾರ ಜಿಲ್ಲೆಯಲ್ಲಿದ್ದು ಹಿತ್ತಿಲಲ್ಲಿ ಒಂದು ಮಾವಿಲ್ಲದಿರುವುದು ಆ ತಾಯಿಗೆ ಬಹುಕಾಲದ ಕೊರತೆ. ಬೇಡವೆನ್ನುವವರು ಮಗ. ಗಣಿ ಮುಚ್ಚಿದ ಮೇಲೆ ಈ ಮನೆಗಳ ಹಕ್ಕಿನ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿದೆ. 'ಕಸಿ ಗಿಡ ನೆಟ್ಟರೂ ಕಾಯಿ ಬಿಡೋಕೆ ನಾಲ್ಕೈದು ವರ್ಷ. ಅಷ್ಟರಲ್ಲಿ ನಾವೆಲ್ಲಿರ್ತೀವೋ! ಬೆಂಗಳೂರಲ್ಲೇ ಮನೆ ಮಾಡೋಣ ಅಂದ್ರೆ ಅಮ್ಮ ಕೇಳೋದಿಲ್ಲ' ಎಂದರು. ನಾಲ್ಕೈದು ಗಂಟೆ ರೈಲಿನಲ್ಲೇ ಕಳೆಯುವವರ ಮಾತು ಅದು. ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

'ನೀವು ಹೇಳಿ ಸಾರ್' ಎಂದು ತಾಯಿ ನನ್ನ ಕಡೆ ತಿರುಗಿದರು. ನಾನು ಜಾಣತನದಿಂದ ತಳಿಯ ಮಾತಿಗೆ ಜಾರಿದೆ: ಬಾದಾಮಿ, ರಸಪುರಿ ಇಷ್ಟು ಜಾಗಕ್ಕೆ ದೊಡ್ಡವಾದವು, ಆಮ್ರಪಾಲಿಯಾದರೆ ಗಿಡ್ಡ ಮರ, ವರ್ಷ ಬಿಡದೆ ಫಸಲು, ಮಳೆ ಹಿಡಿದ ಮೇಲೆ ನೆಡಿ, ಕಸಿಯ ಗಂಟು ಮಣ್ಣಿನ ಮೇಲೆಯೇ ಇರಲಿ, ಗಾಳಿಗೆ ಒಂದು ಊರುಗೋಲು ಕಟ್ಟಿ.

'ಗುಂಡಿ?'

'ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ.'

ಅವರು ನಕ್ಕು, ನಿಂಬೆಗಿಡದ ಆಚೆ ಮುಚ್ಚಿದ್ದ ಹಳೆಯ ತಗಡನ್ನು ಸರಿಸಿದರು. ಗುಂಡಿ ಆಗಲೇ ಸೊಂಟದಾಳ ಆಗಿತ್ತು; ಪಕ್ಕದಲ್ಲಿ ಎರಡು ಚೀಲ ಕಪ್ಪು ಗೋಡು. ಮಗನ ಕಡೆ ನೋಡಿದೆ.

'ನಾನೇ ತೋಡಿದ್ದು' ಎಂದರು ಗೆಳೆಯರು, 'ಮೂರು ಭಾನುವಾರ ಹಿಡಿಯಿತು.'