ಸಕ್ಕರೆಯ ವೇಷಾಂತರ

ಅರ್ಧಾಂಗವಾಯುವೆಂಬ ಹೆಸರೇ ಮನೆಮಂದಿಯ ಧೈರ್ಯವನ್ನು ಕುಗ್ಗಿಸುವುದು. ನನ್ನ ಸೋದರಮಾವನವರಿಗೆ ಒಮ್ಮೆ ಎಡಗೈ ಸೋತು ಮಾತು ತೊದಲಿದಾಗ, ಅದೇ ಬಂದಿತೆಂದು ನಾವೆಲ್ಲರೂ ನಡುಗಿದೆವು. ವೈದ್ಯರು ಮೊದಲು ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿದರು. ಸಕ್ಕರೆಯು ಡೆಸಿಲೀಟರಿಗೆ 600 ಮಿಲಿಗ್ರಾಮನ್ನು ಮೀರಿದ್ದಿತು. ಸಕ್ಕರೆಯು ಇಷ್ಟು ಏರಿದರೆ ಮೂತ್ರದೊಡನೆ ನೀರು ಹರಿದುಹೋಗಿ, ರಕ್ತವು ಗಾಢವಾಗಿ, ಮಿದುಳಿನ ಜೀವಕೋಶಗಳು ನೀರನ್ನು ಕಳೆದುಕೊಳ್ಳುವುವು. ಆಗ ರಕ್ತನಾಳವು ಕಟ್ಟದಿದ್ದರೂ ಅಂಗವು ಸೋಲುವುದುಂಟು. ಲವಣಜಲವೂ, 1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಕಂಡುಹಿಡಿದ ಇನ್ಸುಲಿನ್ನೂ ಮಾವನವರ ಕೈಗೆ ಬಲವನ್ನು ಮರಳಿಸಿದುವು. ಆದರೆ ವಾಚಕರು ಇದರಿಂದ ಉದಾಸೀನರಾಗಬಾರದು. ನಿಜವಾದ ಪಕ್ಷವಾತವೂ ಇದೇ ರೂಪದಲ್ಲಿ ಬರುವುದು. ಅದರ ಹೆಪ್ಪನ್ನು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ 4½ ಗಂಟೆಗಳಷ್ಟೇ ಅವಕಾಶ. ಎರಡನ್ನೂ ಮನೆಯಲ್ಲಿ ಬೇರ್ಪಡಿಸಲಾಗದು. ಕೂಡಲೇ ಆಸ್ಪತ್ರೆಗೆ ಒಯ್ಯುವುದೊಂದೇ ವಿವೇಕ.