ಕೈ ಅವನದು, ಕಾಲು ಇವನದು

1989. ನ್ಯೂಯಾರ್ಕಿನ ಎಂಟನೇ ಅವೆನ್ಯೂದಲ್ಲಿರುವ ಜಾಯ್ಸ್ ಥಿಯೇಟರಿನಲ್ಲಿ ನೀವು ಕೂತಿದ್ದೀರಿ. ಇದು ಹಿಂದೆ ಎಲ್ಜಿನ್ ಎಂಬ ಟಾಕೀಸಾಗಿತ್ತು. ಐನೂರು ಸೀಟೂ ಇಲ್ಲದ ಜಾಗ. ಮುಂದಿನ ಸಾಲಿನವರಿಗೆ ನರ್ತಕರ ಏದುಸಿರೂ ಕೇಳಿಸುತ್ತದೆ.

ಮೆಂಡೆಲ್‌ಸನ್ ಹದಿನಾರರ ಹರೆಯದಲ್ಲಿ ಬರೆದ ಆಕ್ಟೆಟ್, ಎಂಟು ತಂತಿವಾದ್ಯಗಳ ಹುರುಪು, ಒಮ್ಮೆಗೇ ನುಗ್ಗುತ್ತದೆ. ಮಿಲಿಟರಿ ಬಟ್ಟೆ ತೊಟ್ಟವರು ಓಡಿಬಂದು ಎದೆಗೊಟ್ಟು ನೆಲಕ್ಕೆ ಬೀಳುತ್ತಾರೆ, ಬಿದ್ದ ರಭಸಕ್ಕೇ ಸರ್ರನೆ ಜಾರುತ್ತಾರೆ. ಏಳುತ್ತಾರೆ. ಮತ್ತೆ ಬೀಳುತ್ತಾರೆ. ಆರ್ಥರ್ ಅವಿಲೆಸ್, ಶಾನ್ ಕರನ್, ಹೈಡಿ ಲಾಟ್‌ಸ್ಕಿ, ದಢೂತಿ ಮೈಯ ಲಾರೆನ್ಸ್ ಗೋಲ್ಡ್‌ಹ್ಯೂಬರ್. ಒಬ್ಬರು ಗಾಳಿಗೆ ಹಾರಿದರೆ ಇನ್ನೊಬ್ಬರ ತೋಳು ಅಲ್ಲಿ ಇರಲೇಬೇಕು. ಸಾವಿನ ಮನೆಯಿಂದ ಬಂದವರು ಹೀಗೆ ಕುಣಿಯಬಹುದೇ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ.

ಸಾವಿನ ಮನೆಯೇ ಅದು. ತಂಡದ ಹೆಸರಿನಲ್ಲಿ ಇಬ್ಬರಿದ್ದಾರೆ: ಬಿಲ್ ಟಿ. ಜೋನ್ಸ್, ಆರ್ನಿ ಝೇನ್. 1971ರಲ್ಲಿ ಬಿಂಗ್‌ಹ್ಯಾಮ್ಟನ್ನಿನ ಕ್ಯಾಂಪಸ್ಸಿನಲ್ಲಿ ಸಿಕ್ಕಿ, ಪ್ರೀತಿಸಿ, ಸಂಸಾರವನ್ನೂ ನೃತ್ಯವನ್ನೂ ಒಟ್ಟಿಗೇ ಕಟ್ಟಿಕೊಂಡ ಗಂಡಸರು. ಬಿಲ್ ಕಪ್ಪಗೆ ಎತ್ತರ, ಆರ್ನಿ ಬೆಳ್ಳಗೆ ಗಿಡ್ಡ. ಹೋದ ವರ್ಷದ ಮಾರ್ಚಿನಲ್ಲಿ ಆರ್ನಿ ಏಡ್ಸ್‌ಗೆ ಬಲಿಯಾದ, 39ನೇ ವಯಸ್ಸಿಗೆ. 1987ರಲ್ಲಿ ಒಪ್ಪಿಗೆ ಸಿಕ್ಕ ಎಜೆಡ್‌ಟಿ ಮಾತ್ರೆ ಇದೆ, ಆದರೆ ಅದು ಸಾವನ್ನು ಹೆಚ್ಚು ಕಾಲ ತಡೆಯುತ್ತಿಲ್ಲ. ಈಗ ತಂಡದ ಡೆಮಿಯನ್ ಅಕ್ವಾವೆಲ್ಲಾನಿಗೂ ಅದೇ ಕಾಯಿಲೆ. ಗೆಳೆಯರ ಬಾಯಲ್ಲಿ ಅವನು ಡಿ-ಮ್ಯಾನ್; ಈ ಕೃತಿಯ ಹೆಸರೇ ‘ಡಿ-ಮ್ಯಾನ್ ಇನ್ ದ ವಾಟರ್ಸ್’.

ಇದೇ ಊರಿನಲ್ಲಿ ಜನ ರೋಗಿಯ ಕೈ ಕುಲುಕಲೂ ಹಿಂಜರಿಯುತ್ತಿದ್ದಾರೆ. ಆಸ್ಪತ್ರೆಗಳಲ್ಲಿ ಊಟದ ತಟ್ಟೆಯನ್ನು ಬಾಗಿಲಾಚೆಯೇ ಇಟ್ಟು ಹೋದವರಿದ್ದಾರೆ. ಮುಟ್ಟಿದರೆ ಅಂಟುವ ರೋಗ ಇದಲ್ಲ ಎಂದು ವೈದ್ಯರು ವರ್ಷಗಳಿಂದ ಹೇಳುತ್ತಿದ್ದರೂ ಭಯಕ್ಕೆ ಕಿವಿಯಿಲ್ಲ. ವೇದಿಕೆಯ ಮೇಲೆ ನೋಡಿ: ಒಬ್ಬನ ಬೆವರು ಇನ್ನೊಬ್ಬನ ಕುತ್ತಿಗೆಗೆ ಹತ್ತುತ್ತಿದೆ, ಯಾರೂ ಒರೆಸಿಕೊಳ್ಳುತ್ತಿಲ್ಲ. ಮೈಗೆ ಮೈ ತಾಗಿಸಿ ಭಾರ ಕೊಡುವುದು, ಭಾರ ಹೊರುವುದು ಇವರ ಕಸುಬು. ಬಿಲ್, ಆರ್ನಿ ಇಬ್ಬರೂ ಪಳಗಿದ್ದು ಅದರಲ್ಲೇ. ರೋಗಿಯನ್ನು ಮಂಚದಿಂದ ಎತ್ತಿ ಕೂರಿಸಬೇಕಾಗಿ ಬಂದಾಗ, ಮೊಣಕಾಲು ಮಡಿಸಿ ಸೊಂಟಕ್ಕೆ ಸೊಂಟ ಕೊಡುವ ಉಪಾಯವನ್ನು ನರ್ತಕರಿಗೆ ಯಾರು ಹೇಳಿಕೊಡಬೇಕು?

ಈಗ ಡೆಮಿಯನ್ ಬರುತ್ತಾನೆ. ನಡೆದಲ್ಲ. ಕಾಲಿಗೆ ಕಸುವಿಲ್ಲ, ಬಿಲ್ ಎತ್ತಿಕೊಂಡು ಬರುತ್ತಾನೆ. ಇದು ಡೆಮಿಯನ್ ಒಬ್ಬನೇ ಕುಣಿಯಬೇಕಿದ್ದ ಭಾಗ. ಕೈಗಳನ್ನು ಅವನು ಆಡಿಸುತ್ತಾನೆ, ಹೆಜ್ಜೆಗಳನ್ನು ಬಿಲ್ ಹಾಕುತ್ತಾನೆ.

ಕಣ್ಣೀರು ತರಿಸಲು ಹೂಡಿದ ಆಟ ಎಂದು ಕೊಂಕು ತೆಗೆಯುವವರು ಇದ್ದೇ ಇರುತ್ತಾರೆ. ನಾನಂತೂ ಒಪ್ಪುವುದಿಲ್ಲ. ಅವನೊಬ್ಬ ನರ್ತಕ, ಅವನ ಪಾತ್ರ ಬಂದಿದೆ, ಮಾಡುತ್ತಿದ್ದಾನೆ. ಅರ್ಧ ಮೈ ಮಾತು ಕೇಳದಿದ್ದರೆ ಆ ಅರ್ಧವನ್ನು ಗೆಳೆಯನಿಂದ ಕಡ ತಂದಿದ್ದಾನೆ, ಅಷ್ಟೆ.

1990ರಲ್ಲಿ ಡೆಮಿಯನ್ ತೀರಿಕೊಳ್ಳುತ್ತಾನೆ. ನೃತ್ಯ ಮಾತ್ರ ಊರೂರು ಸುತ್ತುತ್ತದೆ. ಮುಂದೆ ಲಾಸ್ ಏಂಜಲೀಸಿನ ಲೊಯೋಲಾ ಮೇರಿಮೌಂಟ್ ವಿಶ್ವವಿದ್ಯಾಲಯದಲ್ಲಿ, ಇದೇ ತಂಡದಲ್ಲಿ ಕುಣಿದಿದ್ದ ರೋಸಲಿಂಡ್ ಲೆಬ್ಲಾಂಕ್ ಅದನ್ನು ತನ್ನ ವಿದ್ಯಾರ್ಥಿಗಳಿಗೆ ಕಲಿಸುತ್ತಾಳೆ. ಆ ಹುಡುಗ ಹುಡುಗಿಯರು ಹುಟ್ಟಿದ್ದೇ ಇದೆಲ್ಲ ಮುಗಿದ ಮೇಲೆ. ಹೆಜ್ಜೆ, ಎಣಿಕೆಗಳನ್ನು ಅವರು ಬೇಗ ಹಿಡಿದಾರು; ಇಷ್ಟು ಜೋರಾಗಿ ಯಾಕೆ ಬೀಳಬೇಕು ಎಂಬುದನ್ನು ಕಲಿಸುವುದೇ ಆಕೆಗೆ ದೊಡ್ಡ ಕೆಲಸ.