ಬೀಗ, ಬೀಗದಕೈ ಮತ್ತು ಬ್ರೇಕು

ಅಭ್ಯಾಸ ಬೋಧನೆಯ ಎರಡನೇ ವಾರ, ಹತ್ತನೇ ತರಗತಿಗೆ ಹಾರ್ಮೋನುಗಳ ಪಾಠ. ಜೀವಕೋಶದ ಗ್ರಾಹಕ ಬೀಗವಿದ್ದಂತೆ, ಸಂಕೇತ ತರುವ ಅಣು ಬೀಗದಕೈಯಿದ್ದಂತೆ ಎಂದು ಹಲಗೆಯ ಮೇಲೆ ಚಿತ್ರ ಬರೆದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಮಿಸ್, ನನ್ನ ತಮ್ಮ ತುಂಬಾ ಕುಳ್ಳ. ಡಾಕ್ಟರು ಅಕಾಂಡ್ರೋಪ್ಲಾಸಿಯಾ ಅಂದ್ರು. ಅವನ ಬೀಗ ಕೆಟ್ಟಿದೆಯಾ?"

"ಹೌದು, ಸಂಕೇತ ಒಳಗೆ ಹೋಗಲ್ಲ, ಅದಕ್ಕೇ ಮೂಳೆ ಬೆಳೆಯಲ್ಲ" ಎಂದುಬಿಟ್ಟೆ. ನನ್ನ ಹೋಲಿಕೆಗೆ ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ, ವೀಕ್ಷಣೆಗೆ ಕುಳಿತಿದ್ದ ಗೆಳತಿಯೂ 'ಉತ್ತಮ ಉತ್ತರ' ಎಂದು ಬರೆದಿದ್ದಳು.

ರಾತ್ರಿ ಓದಿದರೆ ವಿಷಯ ತಿರುವುಮುರುವು. ಎಫ್‌ಜಿಎಫ್‌ಆರ್3 ಎಂಬ ಗ್ರಾಹಕ ಉದ್ದ ಮೂಳೆಗಳ ತುದಿಯ ಮೃದ್ವಸ್ಥಿ ಬೆಳೆಯುವುದನ್ನು ಹತೋಟಿಯಲ್ಲಿಡುತ್ತದೆ. ಅದರ 380ನೇ ಸ್ಥಾನದಲ್ಲಿ ಗ್ಲೈಸೀನ್ ಬದಲು ಆರ್ಜಿನೀನ್ ಬಂದರೆ ಗ್ರಾಹಕ ಅತಿಯಾಗಿ ಕೆಲಸ ಮಾಡುತ್ತದೆ. 1994ರಲ್ಲಿ ಇದು ಪತ್ತೆಯಾಯಿತು. ಈ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಮೂಳೆ ಮಿತಿಮೀರಿ ಉದ್ದವಾಗುತ್ತದೆ. ಅಂದರೆ ಇದು ಬ್ರೇಕು!

ಮರುದಿನ ಪಾಠಕ್ಕೆ ಮೊದಲೇ "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೆ. ಬ್ರೇಕು ಗಾಲಿಗೆ ಅಂಟಿಕೊಂಡೇ ಓಡುವ ಸೈಕಲ್ಲಿನ ಚಿತ್ರ ಬರೆದೆ.

ಬಿಡುವಿನಲ್ಲಿ ಆ ಹುಡುಗಿ ಬಂದಳು. "ಅಮ್ಮ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೇ ಹೀಗಾಯ್ತು ಅಂತಾರೆ ಅಜ್ಜಿ."

ಅಲ್ಲ ಎಂದೆ. ಇಂಥ ಮಕ್ಕಳಲ್ಲಿ ಸುಮಾರು 80 ಶೇಕಡಾ ಮಂದಿಯ ತಂದೆತಾಯಿ ಸಾಮಾನ್ಯ ಎತ್ತರದವರೇ. ಜೀನಿನಲ್ಲಿ ಹೊಸದಾಗಿ, ತಾನಾಗಿ ಆಗುವ ಬದಲಾವಣೆ ಅದು, ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

"ಬರೆದುಕೊಡಿ ಮಿಸ್, ಅಮ್ಮಂಗೆ ತೋರಿಸ್ತೀನಿ."

ಪಾಠಯೋಜನೆಯ ಹಾಳೆಯ ಹಿಂಬದಿಯಲ್ಲೇ ಬರೆದು ಹರಿದುಕೊಟ್ಟೆ.